ಔಷಧೀಯ ಅಣಬೆ: ಕೊಳ್ಳುವಾಗ, ಒಲೆಗಿಡುವಾಗ, ಸೇವಿಸುವಾಗ ತಿಳಿದಿರಬೇಕಾದದ್ದು

ಒಣಗಿದ ರೇಷಿ ಅಣಬೆಯ ಚೂರುಗಳನ್ನು ಒಂದು ಲೀಟರ್ ನೀರಿಗೆ ಹಾಕಿ ಎರಡು ತಾಸು ಸಣ್ಣ ಉರಿಯಲ್ಲಿ ಕುದಿಸಿದರೆ ನೀರು ಕಡು ಕಂದಾಗುತ್ತದೆ, ನೆಲಬೇವಿನ ಕಷಾಯದಷ್ಟು ಕಹಿಯಾಗುತ್ತದೆ. ಅದೇ ಅಣಬೆಯನ್ನು ಪುಡಿ ಮಾಡಿ ಬೆಚ್ಚಗಿನ ಹಾಲಿಗೆ ಕಲಕಿ ಕುಡಿದರೆ ಅದರ ಒಂದಷ್ಟು ಪಾಲು ಕರಗದೆಯೇ ಹೊಟ್ಟೆ ದಾಟಿ ಹೋಗುತ್ತದೆ. ಅಣಬೆ ಅದೇ, ತೂಕವೂ ಅದೇ, ಆದರೆ ದೇಹಕ್ಕೆ ಸಿಕ್ಕಿದ್ದು ಬೇರೆ ಬೇರೆ. ಅಣಬೆಯ ಜೀವಕೋಶದ ಗೋಡೆ ಕೈಟಿನ್ ಎಂಬ ಗಟ್ಟಿ ವಸ್ತುವಿನಿಂದ ಆಗಿರುವುದೇ ಇದಕ್ಕೆ ಕಾರಣ. ಸೀಗಡಿ, ಏಡಿಗಳ ಚಿಪ್ಪಿನಲ್ಲಿರುವುದೂ ಇದೇ. ನಮ್ಮ ಕರುಳಿಗೆ ಇದನ್ನು ಒಡೆಯುವುದು ಕಷ್ಟ. ಬಿಸಿ, ನೀರು ಮತ್ತು ಸಮಯ ಮೂರೂ ಸೇರಿದಾಗ ಗೋಡೆ ಸಡಿಲವಾಗಿ ಒಳಗಿನ ಬೀಟಾ-ಗ್ಲುಕಾನ್ ಎಂಬ ನಾರು ಹೊರಬರುತ್ತದೆ. ರೋಗನಿರೋಧಕ ಶಕ್ತಿಯ ವಿಚಾರದಲ್ಲಿ ಅಣಬೆಗೆ ಬಂದಿರುವ ಹೆಸರಿನ ಬಹುಪಾಲು ಈ ಬೀಟಾ-ಗ್ಲುಕಾನ್‌ಗೆ ಸೇರಿದ್ದು.

ಹಾಗಾಗಿ ಔಷಧೀಯ ಅಣಬೆ ಬಳಸಬೇಕೆನ್ನುವವರು ಮೊದಲು ಕೇಳಬೇಕಾದ ಪ್ರಶ್ನೆಗಳು ಮೂರು: ಇದು ಯಾವ ಜಾತಿ, ಅದರ ಯಾವ ಭಾಗ, ಅದನ್ನು ಹೇಗೆ ಬೇಯಿಸಿದ್ದಾರೆ ಅಥವಾ ಹೇಗೆ ಸಾರ ತೆಗೆದಿದ್ದಾರೆ? ಈ ಮೂರಕ್ಕೆ ಉತ್ತರ ಸಿಗದ ಡಬ್ಬಿಗೆ ಎಷ್ಟು ದುಡ್ಡು ಕೊಟ್ಟರೂ ದಂಡವೇ.

ಯಾವ ಅಣಬೆಗೆ ಎಷ್ಟು ಆಧಾರವಿದೆ

ಶಿಟಾಕೆಯಿಂದ ಶುರು ಮಾಡೋಣ. ಈ ಅಣಬೆಯಿಂದ ಬೇರ್ಪಡಿಸಿದ ಲೆಂಟಿನಾನ್ ಎಂಬ ಬೀಟಾ-ಗ್ಲುಕಾನ್‌ಗೆ ಜಪಾನಿನಲ್ಲಿ 1985ರಲ್ಲಿ ಔಷಧವಾಗಿ ಅನುಮತಿ ಸಿಕ್ಕಿತು. ಜಠರದ ಕ್ಯಾನ್ಸರ್ ಇರುವವರಿಗೆ ಕಿಮೋಥೆರಪಿಯ ಜೊತೆಗೆ ಇದನ್ನು ಚುಚ್ಚುಮದ್ದಾಗಿ ಕೊಡುತ್ತಿದ್ದರು. ಟರ್ಕಿ ಟೇಲ್ ಎಂಬ ಮರದ ಅಣಬೆಯ ಕವಕಜಾಲದಿಂದ (ಬೇರಿನಂತೆ ಹರಡುವ ಎಳೆಗಳ ಬಲೆಯಿಂದ) ತೆಗೆದ ಪಿಎಸ್‌ಕೆ ಎಂಬ ವಸ್ತುವಿಗೆ ಅಲ್ಲಿ 1977ರಲ್ಲೇ ಅನುಮತಿ ದೊರೆತಿತ್ತು. ಅದು ಬಾಯಿಯ ಮೂಲಕ ಕೊಡುತ್ತಿದ್ದ ಔಷಧ. 'ಅಣಬೆ ಕ್ಯಾನ್ಸರ್ ಗುಣಪಡಿಸುತ್ತದೆ' ಎನ್ನುವ ಜಾಹೀರಾತುಗಳು ಈ ಎರಡರ ಹೆಸರನ್ನೇ ಬಳಸಿಕೊಳ್ಳುತ್ತವೆ. ಆದರೆ ಎರಡೂ ಶುದ್ಧೀಕರಿಸಿದ ವಸ್ತುಗಳು, ಆಸ್ಪತ್ರೆಯಲ್ಲಿ ಮುಖ್ಯ ಚಿಕಿತ್ಸೆಯ ಜೊತೆಗೆ ಕೊಟ್ಟಂಥವು. ತಟ್ಟೆಯಲ್ಲಿರುವ ಶಿಟಾಕೆ ಪಲ್ಯಕ್ಕೆ ಆ ಫಲಿತಾಂಶವನ್ನು ಅಂಟಿಸುವುದು ತಪ್ಪು.

ಲಯನ್ಸ್ ಮೇನ್ ಎಂದರೆ ಬಿಳಿ ಗಡ್ಡದಂತೆ ಎಳೆಗಳು ಜೋತುಬಿದ್ದಿರುವ ಅಣಬೆ. ನೆನಪಿನ ಶಕ್ತಿಗೆ ಒಳ್ಳೆಯದೆಂದು ಇದನ್ನು ಮಾರುತ್ತಾರೆ. ಈ ಮಾತಿಗೆ ಆಧಾರವಾಗಿ ಹೆಚ್ಚಾಗಿ ತೋರಿಸುವುದು 2009ರಲ್ಲಿ ಪ್ರಕಟವಾದ ಒಂದು ಜಪಾನೀ ಪ್ರಯೋಗವನ್ನು. ಸ್ವಲ್ಪ ಮಟ್ಟಿಗೆ ಮರೆವು ಶುರುವಾಗಿದ್ದ 50ರಿಂದ 80 ವರ್ಷದ 30 ಜನರಲ್ಲಿ ಒಂದು ಗುಂಪಿಗೆ ದಿನಕ್ಕೆ ಸುಮಾರು 3 ಗ್ರಾಂ ಅಣಬೆ ಪುಡಿಯ ಮಾತ್ರೆಗಳನ್ನು 16 ವಾರ ಕೊಟ್ಟರು. ಅವರ ಪರೀಕ್ಷಾ ಅಂಕಗಳು ಇನ್ನೊಂದು ಗುಂಪಿಗಿಂತ ಉತ್ತಮಗೊಂಡವು. ಮಾತ್ರೆ ನಿಲ್ಲಿಸಿ ನಾಲ್ಕು ವಾರವಾದ ಮೇಲೆ ಅಂಕಗಳು ಮತ್ತೆ ಇಳಿದವು. ಆಶಾದಾಯಕ ನಿಜ, ಆದರೆ 30 ಜನರ ಪ್ರಯೋಗ ಚಿಕ್ಕದು. ಇದನ್ನು ನಂಬಿ ಅಲ್‌ಝೈಮರ್ಸ್ ಮಾತ್ರೆ ನಿಲ್ಲಿಸುವಂತಿಲ್ಲ.

ರೇಷಿಗೆ ಚೀನಾದಲ್ಲಿ ಲಿಂಗ್‌ಝಿ ಎಂಬ ಹೆಸರು. ಅಲ್ಲಿನ ಅಧಿಕೃತ ಔಷಧ ಸಂಹಿತೆಯಲ್ಲಿ ಇದಕ್ಕೆ ಸ್ಥಾನವಿದೆ, ಬಳಕೆಯ ಇತಿಹಾಸವೂ ಬಹಳ ಹಳೆಯದು. ಆದರೆ ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2015ರ ಪರಿಶೀಲನೆಯಲ್ಲಿ, ಸಕ್ಕರೆ ಕಾಯಿಲೆ ಇರುವವರ ಹೃದಯದ ಅಪಾಯಾಂಶಗಳನ್ನು ರೇಷಿ ತಗ್ಗಿಸುತ್ತದೆ ಎನ್ನಲು ಆಧಾರ ಸಿಗಲಿಲ್ಲ. ಕ್ಯಾನ್ಸರ್ ಕುರಿತ 2016ರ ಪರಿಶೀಲನೆ ಇದನ್ನು ಮೊದಲ ಸಾಲಿನ ಚಿಕಿತ್ಸೆಯಾಗಿ ಬಳಸಲು ಸಾಕಷ್ಟು ಪುರಾವೆ ಇಲ್ಲ, ಮುಖ್ಯ ಚಿಕಿತ್ಸೆಯ ಜೊತೆಗೆ ಪರಿಗಣಿಸಬಹುದು ಎಂದಷ್ಟೇ ಹೇಳಿತು.

ಕಾರ್ಡಿಸೆಪ್ಸ್ ಹೆಸರಿನಲ್ಲಿ ಎರಡು ಬೇರೆ ಬೇರೆ ವಸ್ತುಗಳು ಮಾರಾಟವಾಗುತ್ತವೆ. ಹಿಮಾಲಯದ ಎತ್ತರದ ಹುಲ್ಲುಗಾವಲುಗಳಲ್ಲಿ ಹುಳುವಿನ ಮೇಲೆ ಬೆಳೆಯುವುದು ಒಂದು. ಉತ್ತರಾಖಂಡದಲ್ಲಿ ಅದನ್ನು ಕೀಡಾ ಜಡಿ ಎನ್ನುತ್ತಾರೆ, ಬೆಲೆ ಕಿಲೋಗೆ ಲಕ್ಷಗಳಲ್ಲಿ. ಇನ್ನೊಂದು ಕಾರ್ಡಿಸೆಪ್ಸ್ ಮಿಲಿಟಾರಿಸ್. ಪ್ರಯೋಗಾಲಯದಲ್ಲಿ ಬಾಟಲಿಯೊಳಗೆ ಅಕ್ಕಿಯ ಮೇಲೆ ಬೆಳೆಸುವ ಕಿತ್ತಳೆ ಬಣ್ಣದ ಅಣಬೆ ಇದು. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು ಎರಡನೆಯದೇ. ಅದಕ್ಕೆ ಕೀಡಾ ಜಡಿಯ ಕಥೆ, ಕೀಡಾ ಜಡಿಯ ಬೆಲೆ ಹೇಳುವವರಿಂದ ಕೊಳ್ಳಬೇಡಿ. ಕಾಡಿನ ಕೀಡಾ ಜಡಿಗೆ ಇನ್ನೊಂದು ತೊಡಕಿದೆ: ಅದರಲ್ಲಿ ಆರ್ಸೆನಿಕ್ ಮಟ್ಟ ಹೆಚ್ಚಿದೆಯೆಂದು 2016ರಲ್ಲಿ ಚೀನಾದ ಔಷಧ ನಿಯಂತ್ರಣ ಇಲಾಖೆಯೇ ಗ್ರಾಹಕರನ್ನು ಎಚ್ಚರಿಸಿತ್ತು.

ಇಷ್ಟೆಲ್ಲ ದುಬಾರಿ ಹೆಸರುಗಳ ನಡುವೆ ಕಡೆಗಣನೆಗೆ ಒಳಗಾಗಿರುವುದು ನಮ್ಮ ಚಿಪ್ಪು ಅಣಬೆ. ಇದರಲ್ಲಿ ಬೀಟಾ-ಗ್ಲುಕಾನ್ ಇದೆ, ಎರ್ಗೋಥಯೋನಿನ್ ಎಂಬ ಉತ್ಕರ್ಷಣ ನಿರೋಧಕ ಹೇರಳವಾಗಿದೆ, ಕೊಲೆಸ್ಟರಾಲ್ ಮಾತ್ರೆಗಳ ಗುಂಪಿಗೆ ಸೇರಿದ ಲೊವಾಸ್ಟಾಟಿನ್ ಕೂಡ ಅಲ್ಪ ಪ್ರಮಾಣದಲ್ಲಿ ಇದೆ. ಆ ಪ್ರಮಾಣ ಒಂದೊಂದು ಬೆಳೆಗೆ ಒಂದೊಂದು ರೀತಿ ಇರುವುದರಿಂದ ಮಾತ್ರೆಗೆ ಬದಲಿಯಾಗದು. ಆದರೂ ಆರೋಗ್ಯಕ್ಕೆಂದೇ ಅಣಬೆ ಶುರು ಮಾಡುವ ಮನೆಗೆ ಮೊದಲ ಆಯ್ಕೆಯಾಗಿ ಇದನ್ನೇ ಹೇಳಬೇಕು. ವಾರಕ್ಕೆ ಎರಡು ಮೂರು ಸಲ, ತಲೆಗೆ ನೂರು ಗ್ರಾಂನಷ್ಟು. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಅಣಬೆ ಬೀಜ ಸಿಗುತ್ತದೆ, ಬೆಳೆಯುವ ತರಬೇತಿಯೂ ಇದೆ. ಭತ್ತದ ಹುಲ್ಲು ಸಿಗುವ ಕಡೆ ಮನೆಯಲ್ಲೇ ಬೆಳೆದುಕೊಳ್ಳಬಹುದು. ಆದರೆ ಕೊಡೆಯ ಅಂಚು ಮೇಲಕ್ಕೆ ಮಡಚಿಕೊಳ್ಳುವ ಮೊದಲೇ ಕೊಯ್ಯಬೇಕು. ತಡವಾದರೆ ಬೀಜಕಗಳು ಪುಡಿಯಂತೆ ಹಾರಾಡುತ್ತವೆ. ಮುಚ್ಚಿದ ಕೋಣೆಯಲ್ಲಿ ದಿನವೂ ಅದನ್ನು ಉಸಿರಾಡಿದರೆ ಶ್ವಾಸಕೋಶದ ಅಲರ್ಜಿ ಬರಬಹುದು. ಬೆಳೆಯುವ ಕೋಣೆಗೆ ಹೋಗುವಾಗ ಮಾಸ್ಕ್ ಇರಲಿ.

ತಾಜಾ ಅಣಬೆ ಆರಿಸುವುದು, ಇಡುವುದು

ಬಟನ್ ಅಣಬೆಯನ್ನು ತಿರುಗಿಸಿ ಕೆಳಗೆ ನೋಡಿ. ಕೊಡೆಗೂ ಕಾಂಡಕ್ಕೂ ನಡುವಿನ ತೆಳು ಪರದೆ ಮುಚ್ಚಿಕೊಂಡಿದ್ದರೆ ಎಳೆಯದು. ಪೊಟ್ಟಣದ ಒಳಗೆ ನೀರಿನ ಹನಿ ಕಟ್ಟಿದ್ದರೆ, ಮುಟ್ಟಿದಾಗ ಲೋಳೆಯಾಗಿದ್ದರೆ, ಅಮೋನಿಯದ ಘಾಟು ಬಂದರೆ ಬಿಟ್ಟುಬಿಡಿ. ಕಣ್ಣು ಕೋರೈಸುವಷ್ಟು ಬಿಳಿಯಾಗಿರುವುದನ್ನೇ ಹುಡುಕಬೇಡಿ. ಬಟನ್ ಅಣಬೆಯನ್ನು ಬಿಳುಪಿಗಾಗಿ ಪೊಟ್ಯಾಸಿಯಮ್ ಮೆಟಾಬೈಸಲ್ಫೈಟ್ ನೀರಿನಲ್ಲಿ ತೊಳೆಯುವ ರೂಢಿ ಇದೆ, ಅಸ್ತಮಾ ಇರುವ ಕೆಲವರಿಗೆ ಸಲ್ಫೈಟ್ ಆಗಿಬರುವುದಿಲ್ಲ. ಸ್ವಲ್ಪ ಕೆನೆ ಬಣ್ಣದ, ಬುಡದಲ್ಲಿ ಗೊಬ್ಬರದ ಕಣ ಅಂಟಿದ ಅಣಬೆಯೇ ಮೇಲು.

ಚಿಪ್ಪು ಅಣಬೆಯ ಬುಡದಲ್ಲಿ ಹತ್ತಿಯಂಥ ಬಿಳಿ ಎಳೆ ಕಂಡರೆ ಬೂಷ್ಟೆಂದು ಹಲವರು ಎಸೆಯುತ್ತಾರೆ. ಅದು ಅಣಬೆಯದೇ ಕವಕಜಾಲ, ತಿನ್ನಬಹುದು. ಹಸಿರು ಅಥವಾ ಕಪ್ಪು ಬಣ್ಣದ ಪುಡಿ ಕಂಡರೆ ಮಾತ್ರ ಎಸೆಯಿರಿ.

ಮನೆಗೆ ತಂದ ಕೂಡಲೇ ಪ್ಲಾಸ್ಟಿಕ್ ಹೊದಿಕೆ ತೆಗೆದು ಕಾಗದದ ಚೀಲಕ್ಕೆ ಹಾಕಿ ಫ್ರಿಜ್‌ನಲ್ಲಿಡಿ. ಮೂರು ನಾಲ್ಕು ದಿನ ಚೆನ್ನಾಗಿರುತ್ತದೆ. ಪ್ಲಾಸ್ಟಿಕ್‌ನಲ್ಲೇ ಬಿಟ್ಟರೆ ಅಣಬೆ ಬಿಡುವ ತೇವ ಅದರ ಮೇಲೆಯೇ ಕೂತು ಲೋಳೆಗಟ್ಟುತ್ತದೆ. ತೊಳೆಯುವುದು ಬೇಯಿಸುವ ಐದು ನಿಮಿಷ ಮುಂಚೆ ಮಾತ್ರ. ಅದೂ ಹರಿಯುವ ನೀರಿನಲ್ಲಿ ಬೇಗ ಬೇಗ.

ಬಿಸಿಲಿಗಿಟ್ಟು ವಿಟಮಿನ್ ಡಿ ಪಡೆಯುವುದು

ಅಣಬೆಯಿಂದ ಆಗುವ ಲಾಭಗಳಲ್ಲಿ ಇಷ್ಟು ಖಚಿತವಾದ, ಇಷ್ಟು ಅಗ್ಗವಾದ ಇನ್ನೊಂದಿಲ್ಲ. ಅಣಬೆಯಲ್ಲಿರುವ ಎರ್ಗೋಸ್ಟೆರಾಲ್ ಬಿಸಿಲಿನ ನೇರಳಾತೀತ ಕಿರಣ ತಾಗಿದಾಗ ವಿಟಮಿನ್ ಡಿ2 ಆಗಿ ಬದಲಾಗುತ್ತದೆ, ಕೊಯ್ದ ಮೇಲೆ ಕೂಡ. ಕತ್ತಲ ಕೋಣೆಯಲ್ಲಿ ಬೆಳೆದು ಬಂದ ಅಂಗಡಿಯ ಅಣಬೆಯಲ್ಲಿ ವಿಟಮಿನ್ ಡಿ ಇಲ್ಲವೆಂದೇ ಹೇಳಬೇಕು. ಮಧ್ಯಾಹ್ನದ ಬಿಸಿಲಿಗೆ ಸ್ವಲ್ಪ ಹೊತ್ತು ಒಡ್ಡಿದರೆ 100 ಗ್ರಾಂ ಹಸಿ ಅಣಬೆಯಲ್ಲಿ 10 ಮೈಕ್ರೋಗ್ರಾಂಗಿಂತ ಹೆಚ್ಚು ಉತ್ಪತ್ತಿಯಾಗಬಲ್ಲದು. ವಯಸ್ಕರಿಗೆ ದಿನಕ್ಕೆ ಬೇಕಾದದ್ದು 15 ಮೈಕ್ರೋಗ್ರಾಂ. ಮೀನು, ಮೊಟ್ಟೆ ತಿನ್ನದ ಮನೆಗಳಿಗೆ ಇದು ದೊಡ್ಡ ಅನುಕೂಲ.

1. ಅಣಬೆಯನ್ನು ತೊಳೆಯದೆ, ಒಣ ಬಟ್ಟೆಯಲ್ಲಿ ಒರೆಸಿ, ಮೂರು ನಾಲ್ಕು ಮಿಲಿಮೀಟರ್ ದಪ್ಪಕ್ಕೆ ಹೆಚ್ಚಿ. ಹೆಚ್ಚಿದಷ್ಟೂ ಬಿಸಿಲು ತಾಗುವ ಮೈ ಹೆಚ್ಚುತ್ತದೆ. ಚಿಪ್ಪು ಅಣಬೆಯನ್ನು ಹೆಚ್ಚದೆ ಬಿಡಿ ಬಿಡಿಯಾಗಿ ಬಿಡಿಸಿದರೆ ಸಾಕು.
2. ಮೊರದಲ್ಲೋ ಅಗಲ ತಟ್ಟೆಯಲ್ಲೋ ಒಂದರ ಮೇಲೊಂದು ಬೀಳದಂತೆ ಹರಡಿ. ಇಡಿಯಾಗಿಡುವ ಅಣಬೆಯಾದರೆ ಕೆಳಗಿನ ಪದರ ಪದರವಾದ ಕಿವಿರು ಆಕಾಶ ನೋಡುವಂತೆ ತಿರುಗಿಸಿ.
3. ಬೆಳಿಗ್ಗೆ ಹತ್ತೂವರೆಯಿಂದ ಎರಡು ಗಂಟೆಯ ಒಳಗೆ, 30ರಿಂದ 60 ನಿಮಿಷ ನೇರ ಬಿಸಿಲಿಗಿಡಿ. ನೊಣಕ್ಕೆ ಬಲೆ ಮುಚ್ಚಬಹುದು. ದಪ್ಪ ಬಟ್ಟೆ ಮುಚ್ಚಿದರೆ ಕಿರಣ ತಡೆಯುತ್ತದೆ.
4. ಅಂದೇ ಬೇಯಿಸಿ. ಬಾಡಿರುತ್ತದೆ, ರುಚಿಗೇನೂ ತೊಂದರೆಯಿಲ್ಲ. ಬೇಯಿಸಿದರೂ ವಿಟಮಿನ್‌ನ ಬಹುಪಾಲು ಉಳಿಯುತ್ತದೆ. ಇದು ಕೊಬ್ಬಿನಲ್ಲಿ ಕರಗುವಂಥದ್ದು, ಒಗ್ಗರಣೆಗೆ ಸ್ವಲ್ಪ ಎಣ್ಣೆ ಅಥವಾ ತೆಂಗಿನಕಾಯಿ ಇರಲಿ.

ಇದರಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಕಿಟಕಿಯ ಗಾಜಿನ ಹಿಂದೆ ಇಡುವುದು. ಬಿಸಿಲು ಕಾಣುತ್ತದೆ, ಬಿಸಿಯೂ ತಾಗುತ್ತದೆ, ಆದರೆ ಬೇಕಾದ ಯುವಿ-ಬಿ ಕಿರಣವನ್ನು ಗಾಜು ತಡೆದುಬಿಡುತ್ತದೆ. ಬಾಲ್ಕನಿಗೆ ಗಾಜು ಹಾಕಿಸಿರುವ ಫ್ಲಾಟ್‌ಗಳಲ್ಲಿ ತಾರಸಿಗೇ ಹೋಗಬೇಕು. ಮಳೆಗಾಲದ ದಟ್ಟ ಮೋಡದಲ್ಲಿ ಈ ಕೆಲಸ ಆಗದು. ಅದಕ್ಕಾಗಿ ಬೇಸಿಗೆಯಲ್ಲೇ ಹೀಗೆ ಬಿಸಿಲು ಕೊಟ್ಟು, ಎರಡು ಮೂರು ದಿನ ಪೂರ್ತಿ ಒಣಗಿಸಿ ಇಟ್ಟುಕೊಳ್ಳಬಹುದು. ಒಂದು ಕಿಲೋ ಹಸಿ ಅಣಬೆಗೆ ಸುಮಾರು 100 ಗ್ರಾಂ ಒಣ ಅಣಬೆ ಸಿಗುತ್ತದೆ. ಮುರಿದಾಗ ಹಪ್ಪಳದ ಸದ್ದು ಬರಬೇಕು, ಬಾಗಿದರೆ ಇನ್ನೂ ತೇವವಿದೆ ಎಂದರ್ಥ. ಕರಾವಳಿಯ ಗಾಳಿಯಲ್ಲಿ ಆ ಹದ ಬರುವುದು ಕಷ್ಟ, ಕೊನೆಯ ಹಂತಕ್ಕೆ 50 ಡಿಗ್ರಿಯ ಡ್ರೈಯರ್ ಬೇಕಾಗುತ್ತದೆ. ಗಾಳಿಯಾಡದ ಬಾಟಲಿಯಲ್ಲಿ, ಕತ್ತಲಲ್ಲಿ ಇಟ್ಟು ಆರು ತಿಂಗಳೊಳಗೆ ಮುಗಿಸಿ. ಶೇಖರಣೆಯಲ್ಲಿ ವಿಟಮಿನ್ ನಿಧಾನಕ್ಕೆ ಕಡಿಮೆಯಾಗುತ್ತ ಹೋಗುತ್ತದೆ.

ಬೇಯಿಸುವ ಕ್ರಮ

ಹಸಿ ಅಣಬೆ ತಿನ್ನುವ ಸಲಾಡ್ ಫ್ಯಾಷನ್ ನಮ್ಮಲ್ಲೂ ಬಂದಿದೆ. ಬೇಡ. ಬಟನ್ ಅಣಬೆಯಲ್ಲಿ ಅಗಾರಿಟಿನ್ ಎಂಬ ಬೇಡದ ವಸ್ತುವಿದೆ, ಬೇಯಿಸಿದಾಗ ಅದು ಕಡಿಮೆಯಾಗುತ್ತದೆ. ಶಿಟಾಕೆ ಸರಿಯಾಗಿ ಬೇಯದಿದ್ದರೆ ಅದರಲ್ಲಿರುವ ಲೆಂಟಿನಾನ್ ಕೆಲವರಿಗೆ ವಿಚಿತ್ರವಾದ ಚರ್ಮದ ತೊಂದರೆ ತರುತ್ತದೆ. ತಿಂದ ಒಂದೆರಡು ದಿನದ ಮೇಲೆ ಬೆನ್ನು, ಹೊಟ್ಟೆಯ ಮೇಲೆ ಚಾಟಿಯಲ್ಲಿ ಹೊಡೆದ ಹಾಗೆ ಉದ್ದುದ್ದ ಕೆಂಪು ಗೆರೆಗಳು ಮೂಡುತ್ತವೆ, ತುರಿಸುತ್ತವೆ. ಜಪಾನಿನಲ್ಲಿ 1977ರಲ್ಲಿ ಮೊದಲು ವರದಿಯಾದ ಕಾಯಿಲೆ ಇದು. ಸಾಮಾನ್ಯವಾಗಿ ಕೆಲವು ವಾರಗಳೊಳಗೆ ತಾನಾಗಿ ಹೋಗುತ್ತದೆ. ತಿಂದದ್ದು ಎರಡು ದಿನ ಹಿಂದೆ ಆದ್ದರಿಂದ ಅಣಬೆಯೇ ಕಾರಣವೆಂದು ಯಾರಿಗೂ ಹೊಳೆಯುವುದಿಲ್ಲ. ವೈದ್ಯರಿಗೆ ಊಟದ ವಿಷಯವನ್ನೂ ಹೇಳಿ.

ಪಲ್ಯಕ್ಕೆ ಕ್ರಮ ಹೀಗೆ. ದಪ್ಪ ತಳದ ಬಾಣಲೆ ಚೆನ್ನಾಗಿ ಕಾಯಲಿ. 250 ಗ್ರಾಂ ಹೆಚ್ಚಿದ ಅಣಬೆಯನ್ನು ಎಣ್ಣೆ, ಉಪ್ಪು ಯಾವುದೂ ಇಲ್ಲದೆ ಹಾಕಿ ದೊಡ್ಡ ಉರಿಯಲ್ಲಿ ಬಿಡಿ. ಮೂರು ನಾಲ್ಕು ನಿಮಿಷಕ್ಕೆ ಅಣಬೆ ನೀರು ಬಿಡುತ್ತದೆ. ಆ ನೀರನ್ನು ಚೆಲ್ಲಬೇಡಿ, ಎರ್ಗೋಥಯೋನಿನ್ ನೀರಿನಲ್ಲಿ ಕರಗುವಂಥದ್ದು. ನೀರು ಇಂಗಿ ಬಾಣಲೆ ಮತ್ತೆ ಚುರ್ರೆನ್ನುವಾಗ ಒಂದು ದೊಡ್ಡ ಚಮಚ ಎಣ್ಣೆ, ಜಜ್ಜಿದ ಬೆಳ್ಳುಳ್ಳಿ, ಕಾಳುಮೆಣಸಿನ ಪುಡಿ ಹಾಕಿ ಅಂಚು ಕಂದಾಗುವ ತನಕ ಬಾಡಿಸಿ. ಉಪ್ಪು ಕೊನೆಗೆ. ಒಟ್ಟು 10ರಿಂದ 12 ನಿಮಿಷ. ಮೊದಲೇ ಎಣ್ಣೆ ಹಾಕಿದರೆ ಅಣಬೆ ಅದನ್ನೆಲ್ಲ ಕುಡಿದು ಜಿಡ್ಡಾಗುತ್ತದೆ, ಬಾಣಲೆ ತುಂಬ ಸುರಿದರೆ ಬಿಟ್ಟ ನೀರಿನಲ್ಲೇ ಬೆಂದು ರಬ್ಬರಿನಂತಾಗುತ್ತದೆ. ಲಯನ್ಸ್ ಮೇನ್ ಸಿಕ್ಕರೆ ಬೆರಳು ದಪ್ಪ ಬಿಲ್ಲೆಗಳಾಗಿ ಕೊಯ್ದು, ಎರಡು ತಟ್ಟೆಗಳ ನಡುವೆ ಒತ್ತಿ ನೀರು ತೆಗೆದು ತವೆಯ ಮೇಲೆ ಇದೇ ಕ್ರಮದಲ್ಲಿ ಎರಡೂ ಬದಿ ಕಾಯಿಸಿ.

ಒಣ ಶಿಟಾಕೆಗೆ ಅವಸರ ಆಗದು. ಕುದಿವ ನೀರು ಸುರಿದು ಹತ್ತು ನಿಮಿಷಕ್ಕೆ ಎತ್ತಿದರೆ ಮೆತ್ತಗಾಗುತ್ತದೆ, ಆದರೆ ರಸ ಚಪ್ಪೆ. ನಾಲ್ಕೈದು ಅಣಬೆಯನ್ನು ಎರಡು ಲೋಟ ತಣ್ಣೀರಿನಲ್ಲಿ ಹಾಕಿ ಫ್ರಿಜ್‌ನಲ್ಲಿ ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ಆ ನೀರಿನ ಸಮೇತ ಸಣ್ಣ ಉರಿಯಲ್ಲಿ ನಿಧಾನಕ್ಕೆ ಕಾಯಿಸಿ. 60ರಿಂದ 70 ಡಿಗ್ರಿಯ ಸುತ್ತ ಅಣಬೆಯ ರುಚಿಗೆ ಕಾರಣವಾದ ಗ್ವಾನಿಲೇಟ್ ಹುಟ್ಟುತ್ತದೆ, ಆಮೇಲೆ ಕುದಿಸಿ 15 ನಿಮಿಷ ಬೇಯಿಸಿ. ತಳದಲ್ಲಿ ಕೂತ ಮರದ ಪುಡಿಯ ಗಸಿ ಬಿಟ್ಟು ನೀರನ್ನು ಸೋಸಿ ಸಾರಿಗೆ ಬಳಸಿ. ಕಾಂಡ ಎಷ್ಟು ಬೇಯಿಸಿದರೂ ನಾರು. ಅದನ್ನು ಸಾರಿನಲ್ಲಿ ಕುದಿಸಿ ತೆಗೆದುಬಿಡಿ.

ರೇಷಿ ಕಷಾಯ

ರೇಷಿ ಮರದ ತುಂಡಿನಷ್ಟು ಗಟ್ಟಿ, ಅಗಿಯಲಾಗದು. ಅದರ ಬಳಕೆಯೇ ಕಷಾಯಕ್ಕೆ. ಚೀನಾದ ಔಷಧ ಸಂಹಿತೆ ವಯಸ್ಕರಿಗೆ ದಿನಕ್ಕೆ 6ರಿಂದ 12 ಗ್ರಾಂ ಒಣ ಅಣಬೆಯ ಕಷಾಯ ಎನ್ನುತ್ತದೆ. ಹೊಸಬರು ಮೊದಲ ವಾರ 2ರಿಂದ 3 ಗ್ರಾಂನಲ್ಲೇ ಇರುವುದು ಲೇಸು. ಅಡಿಗೆಮನೆಯ ತಕ್ಕಡಿ ಇಲ್ಲದಿದ್ದರೆ ಅಕ್ಕಸಾಲಿಗರ ಬಳಕೆಯ ಚಿಕ್ಕ ಡಿಜಿಟಲ್ ತಕ್ಕಡಿ ಕೊಂಡುಕೊಳ್ಳಿ. ಚಮಚದ ಲೆಕ್ಕ ಇದಕ್ಕೆ ಒಗ್ಗದು, ಚೂರುಗಳ ದಪ್ಪ ಒಂದೊಂದು ಪೊಟ್ಟಣಕ್ಕೆ ಒಂದೊಂದು ಬಗೆ.

ತೆಳ್ಳಗೆ ಚೂರು ಮಾಡಿದ್ದನ್ನೇ ಕೊಳ್ಳಿ, ಇಡಿ ಅಣಬೆ ಮನೆಯ ಚಾಕುವಿಗೆ ಬಗ್ಗುವುದಿಲ್ಲ. ತೂಗಿದ ಚೂರುಗಳನ್ನು ಒಮ್ಮೆ ತೊಳೆದು ಒಂದು ಲೀಟರ್ ನೀರಿನಲ್ಲಿ ಒಂದು ಗಂಟೆ ನೆನೆಸಿ. ಸ್ಟೀಲ್ ಅಥವಾ ಮಣ್ಣಿನ ಪಾತ್ರೆ ಇರಲಿ. ಕುದಿ ಬಂದ ಮೇಲೆ ಉರಿ ಇಳಿಸಿ, ಅರೆ ಮುಚ್ಚಿ, ನೀರು ಅರ್ಧಕ್ಕೆ ಇಳಿಯುವ ತನಕ ಒಂದೂವರೆಯಿಂದ ಎರಡು ತಾಸು ಬಿಡಿ. ಸೋಸಿ. ಅದೇ ಚೂರುಗಳಿಗೆ ಮತ್ತೆ ಅರ್ಧ ಲೀಟರ್ ನೀರು ಹಾಕಿ ಒಂದು ತಾಸು ಕುದಿಸಿ, ಎರಡೂ ಕಷಾಯ ಬೆರೆಸಿ. ದಿನದ ಪಾಲನ್ನು ಎರಡು ಸಲವಾಗಿ ಊಟದ ನಂತರ ಕುಡಿಯಿರಿ. ಎರಡು ದಿನದ್ದು ಒಮ್ಮೆಲೇ ಮಾಡುವುದಾದರೆ ಅಣಬೆ, ನೀರು ಎರಡನ್ನೂ ದುಪ್ಪಟ್ಟು ಮಾಡಿ, ಉಳಿದದ್ದನ್ನು ಫ್ರಿಜ್‌ನಲ್ಲಿಡಿ. ಮೂರನೇ ದಿನಕ್ಕೆ ಉಳಿದರೆ ಚೆಲ್ಲಿ. ಕಹಿಗೆ ಶುಂಠಿ, ಜೋನಿಬೆಲ್ಲ ಸೇರಿಸಬಹುದು.

ಕಹಿಯೇ ಇಲ್ಲದ ರೇಷಿ ಕಷಾಯ ಬಂದರೆ ಅನುಮಾನಿಸಿ. ರೇಷಿಯ ಕಹಿ ಬರುವುದು ಟ್ರೈಟರ್ಪೀನ್ ಎಂಬ ಗುಂಪಿನ ವಸ್ತುಗಳಿಂದ. ಹಳೆಯ ಸರಕು, ತಪ್ಪು ಜಾತಿ, ಅಥವಾ ಒಮ್ಮೆ ಸಾರ ತೆಗೆದು ಒಣಗಿಸಿದ ಚೂರುಗಳಲ್ಲಿ ಅದು ಇರುವುದಿಲ್ಲ. ಟ್ರೈಟರ್ಪೀನ್‌ಗಳು ನೀರಿಗಿಂತ ಆಲ್ಕೋಹಾಲ್‌ನಲ್ಲಿ ಚೆನ್ನಾಗಿ ಕರಗುತ್ತವೆ, ಬೀಟಾ-ಗ್ಲುಕಾನ್ ಬಿಸಿನೀರಿನಲ್ಲಿ. ಕೆಲವು ಕಂಪನಿಗಳು 'ಡ್ಯುಯಲ್ ಎಕ್ಸ್‌ಟ್ರಾಕ್ಟ್' ಎಂದು ಬರೆಯುವುದು ಎರಡರಲ್ಲೂ ಸಾರ ತೆಗೆದಿದ್ದೇವೆ ಎಂಬ ಅರ್ಥದಲ್ಲಿ.

ಪುಡಿಯ ಬಗ್ಗೆ ಒಂದು ಗಂಭೀರ ಮಾತು. ರೇಷಿ ಪುಡಿ ಸೇವಿಸುತ್ತಿದ್ದವರಲ್ಲಿ ಯಕೃತ್ತಿಗೆ ತೀವ್ರ ಹಾನಿಯಾದ ಪ್ರಕರಣಗಳನ್ನು ಹಾಂಕಾಂಗ್ ಮತ್ತು ಥಾಯ್ಲೆಂಡಿನ ವೈದ್ಯರು ವರದಿ ಮಾಡಿದ್ದಾರೆ, ಸಾವೂ ಆಗಿದೆ. ಇಂಥ ಪ್ರಕರಣ ಅಪರೂಪ. ಆದರೂ ಲಿವರ್ ತೊಂದರೆ ಇರುವವರು, ನಿತ್ಯ ಮದ್ಯ ಸೇವಿಸುವವರು ರೇಷಿಯ ಸಹವಾಸಕ್ಕೇ ಹೋಗಬಾರದು. ಉಳಿದವರಿಗೂ ಪುಡಿಗಿಂತ ಕಷಾಯವೇ ಸೂಕ್ತ.

ಡಬ್ಬಿಯ ಮೇಲಿನ ಬರಹ ಓದುವುದು

ಮುಂಭಾಗದ ಚಿತ್ರ, ಘೋಷಣೆ ಬಿಟ್ಟು ಹಿಂಭಾಗ ತಿರುಗಿಸಿ. ಮೊದಲು ವೈಜ್ಞಾನಿಕ ಹೆಸರು ಹುಡುಕಿ: ಲಯನ್ಸ್ ಮೇನ್ ಆದರೆ ಹೆರಿಸಿಯಮ್ ಎರಿನೇಸಿಯಸ್, ಟರ್ಕಿ ಟೇಲ್ ಆದರೆ ಟ್ರಮೆಟೀಸ್ ವರ್ಸಿಕಲರ್. 'ಮಶ್ರೂಮ್ ಬ್ಲೆಂಡ್' ಎಂದು ಹತ್ತು ಹೆಸರು ಸೇರಿಸಿ ಒಟ್ಟು 500 ಮಿಲಿಗ್ರಾಂ ಎಂದಿದ್ದರೆ ತಲಾ ಎಷ್ಟು ಎಂಬುದು ಯಾರಿಗೂ ತಿಳಿಯದು.

ಆಮೇಲೆ ಭಾಗ. 'ಫ್ರೂಟಿಂಗ್ ಬಾಡಿ' ಎಂದರೆ ಕೊಡೆ, ಕಾಂಡ ಸೇರಿದ ಅಣಬೆ. 'ಮೈಸೀಲಿಯಮ್' ಎಂದರೆ ಕವಕಜಾಲ. ಕವಕಜಾಲವನ್ನು ದ್ರವದಲ್ಲಿ ಬೆಳೆಸಿ ಬೇರ್ಪಡಿಸಿದ್ದರೆ ಅಡ್ಡಿಯಿಲ್ಲ. ಆದರೆ ಅಕ್ಕಿ, ಓಟ್ಸ್‌ನಂಥ ಧಾನ್ಯದ ಮೇಲೆ ಬೆಳೆಸಿ ಧಾನ್ಯದ ಸಮೇತ ಒಣಗಿಸಿ ಪುಡಿ ಮಾಡಿದ ಸರಕೂ ಮಾರುಕಟ್ಟೆಯಲ್ಲಿದೆ. ಅದರಲ್ಲಿ ನೀವು ದುಡ್ಡು ಕೊಡುವುದು ಬಹುಪಾಲು ಅಕ್ಕಿಹಿಟ್ಟಿಗೆ.

ಮೂರನೆಯದು ಬೀಟಾ-ಗ್ಲುಕಾನ್ ಶೇಕಡಾವಾರು. 'ಪಾಲಿಸ್ಯಾಕರೈಡ್ ಶೇ 40' ಎಂಬ ಬರಹಕ್ಕೆ ಮಾರುಹೋಗಬೇಡಿ, ಪಿಷ್ಟವೂ ಪಾಲಿಸ್ಯಾಕರೈಡ್ ಲೆಕ್ಕಕ್ಕೇ ಬರುತ್ತದೆ. '10:1 ಎಕ್ಸ್‌ಟ್ರಾಕ್ಟ್' (ಹತ್ತು ಪಾಲು ಅಣಬೆಯಿಂದ ಒಂದು ಪಾಲು ಸಾರ) ಎನ್ನುವುದೂ ಬೀಟಾ-ಗ್ಲುಕಾನ್ ಅಂಕಿ ಇಲ್ಲದಿದ್ದರೆ ಏನನ್ನೂ ಹೇಳುವುದಿಲ್ಲ. ಇದರ ಜೊತೆಗೆ ಸೀಸ, ಆರ್ಸೆನಿಕ್, ಕ್ಯಾಡ್ಮಿಯಮ್ ಪರೀಕ್ಷೆಯ ವರದಿ ಕೇಳಿ. ಅಣಬೆ ತಾನು ಬೆಳೆದ ನೆಲದ ಭಾರಲೋಹವನ್ನು ಎಳೆದುಕೊಳ್ಳುತ್ತದೆ. ಬ್ಯಾಚ್ ಸಂಖ್ಯೆ ಕೊಟ್ಟು ಕೇಳಿದರೆ ಒಳ್ಳೆಯ ಕಂಪನಿ ಕಳಿಸುತ್ತದೆ.

ಭಾರತದಲ್ಲಿ ಇಂಥ ಡಬ್ಬಿಗಳು ಹೆಲ್ತ್ ಸಪ್ಲಿಮೆಂಟ್ ಆಗಿ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮದಡಿ ಬಂದರೆ 14 ಅಂಕಿಯ ಪರವಾನಗಿ ಸಂಖ್ಯೆ ಇರಬೇಕು, 'ನಾಟ್ ಫಾರ್ ಮೆಡಿಸಿನಲ್ ಯೂಸ್' ಎಂಬ ಸಾಲೂ ಇರಬೇಕು. ಆ ಸಾಲು ಇದ್ದ ಡಬ್ಬಿಯ ಇನ್ನೊಂದು ಬದಿಯಲ್ಲಿ ಶುಗರ್ ವಾಸಿ, ಗಡ್ಡೆ ಕರಗುತ್ತದೆ ಎಂಬ ಮಾತಿದ್ದರೆ ಆ ಕಂಪನಿ ನಿಯಮ ಮುರಿದಿದೆ ಎಂದೇ ತಿಳಿಯಿರಿ.

ಪಿಷ್ಟ ಬೆರೆತಿದೆಯೇ ಎಂದು ಮನೆಯಲ್ಲೇ ನೋಡಬಹುದು. ಅರ್ಧ ಚಮಚ ಪುಡಿಯನ್ನು ಕಾಲು ಲೋಟ ನೀರಿನಲ್ಲಿ ಎರಡು ನಿಮಿಷ ಕುದಿಸಿ, ಪೂರ್ತಿ ಆರಿಸಿ. ಬಿಸಿಯಾಗಿದ್ದರೆ ಬಣ್ಣ ಬರುವುದಿಲ್ಲ. ಮೆಡಿಕಲ್ ಅಂಗಡಿಯ ಟಿಂಚರ್ ಅಯೋಡಿನ್ ನಾಲ್ಕು ಹನಿ ಹಾಕಿ. ಪಕ್ಕದಲ್ಲಿ ಇನ್ನೊಂದು ಲೋಟದಲ್ಲಿ ಅನ್ನದ ಗಂಜಿಗೂ ಹಾಕಿ. ಗಂಜಿ ಕಡುನೀಲಿಯಾಗುತ್ತದೆ. ಅಣಬೆ ನೀರೂ ಹಾಗೆಯೇ ಆದರೆ ಧಾನ್ಯವಿದೆ. ಹಳದಿ ಮಿಶ್ರಿತ ಕಂದು ಬಣ್ಣದಲ್ಲೇ ಉಳಿದರೆ ಪಿಷ್ಟವಿಲ್ಲ. ಪರೀಕ್ಷೆ ಮಾಡಿದ ನೀರು ಕುಡಿಯುವಂತಿಲ್ಲ, ಚೆಲ್ಲಿ. ಇದು ಪಿಷ್ಟವನ್ನು ಮಾತ್ರ ತೋರಿಸುತ್ತದೆ, ಜಾತಿ ಸರಿಯೇ ಎಂಬುದನ್ನಲ್ಲ.

ಶುರು ಮಾಡುವಾಗ, ನಿಲ್ಲಿಸುವಾಗ

ಒಮ್ಮೆಗೆ ಒಂದೇ ಅಣಬೆ. ಎರಡು ವಾರದ ಅಂತರವಿಲ್ಲದೆ ಇನ್ನೊಂದು ಸೇರಿಸಿದರೆ ತೊಂದರೆಯಾದಾಗ ಯಾವುದರಿಂದ ಎಂದು ಹೇಳಲಾಗದು. ಮೂರು ತಿಂಗಳಿಗಿಂತ ಹೆಚ್ಚು ದಿನ ಕ್ಯಾಪ್ಸೂಲ್ ಅಥವಾ ಕಷಾಯ ಮುಂದುವರಿಸುವ ಯೋಚನೆ ಇದ್ದರೆ ಶುರು ಮಾಡುವ ಮುನ್ನ ಮತ್ತು ಆರನೇ ವಾರದ ಸುಮಾರಿಗೆ ಲಿವರ್ ಪರೀಕ್ಷೆ ಮಾಡಿಸಿ. ಮೊದಲ ದಿನಗಳಲ್ಲಿ ಹೊಟ್ಟೆಯುಬ್ಬರ, ಸಡಿಲ ಭೇದಿ ಆಗುವುದುಂಟು. ಪ್ರಮಾಣ ಅರ್ಧ ಮಾಡಿದರೆ ಸರಿಹೋಗುತ್ತದೆ. ಕಣ್ಣು ಹಳದಿಯಾಗುವುದು, ಮೂತ್ರ ಕಡುಬಣ್ಣಕ್ಕೆ ತಿರುಗುವುದು, ಮೈ ತುರಿಕೆ, ಮೂಗು ಅಥವಾ ವಸಡಿನಲ್ಲಿ ರಕ್ತ, ಉಸಿರು ಕಟ್ಟುವುದು, ಇವುಗಳಲ್ಲಿ ಯಾವುದು ಕಂಡರೂ ಅಂದೇ ನಿಲ್ಲಿಸಿ ವೈದ್ಯರ ಬಳಿ ಹೋಗಿ. ಡಬ್ಬಿಯನ್ನೂ ಕೊಂಡೊಯ್ಯಿರಿ.

ವಾರ್ಫಾರಿನ್, ಕ್ಲೊಪಿಡೊಗ್ರೆಲ್, ಆಸ್ಪಿರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ರೇಷಿ, ಕಾರ್ಡಿಸೆಪ್ಸ್ ಸಾರವನ್ನು ವೈದ್ಯರನ್ನು ಕೇಳದೆ ಮುಟ್ಟಬಾರದು. ಶಸ್ತ್ರಚಿಕಿತ್ಸೆ ಗೊತ್ತಾಗಿದ್ದರೆ ಎರಡು ವಾರ ಮುಂಚೆ ನಿಲ್ಲಿಸಬೇಕು. ಸಕ್ಕರೆ ಮತ್ತು ರಕ್ತದೊತ್ತಡದ ಮಾತ್ರೆಗಳ ಜೊತೆ ಸೇರಿ ಎರಡೂ ತೀರಾ ಇಳಿಯುವ ಸಾಧ್ಯತೆಯಿದೆ. ಮೂತ್ರಪಿಂಡ ಕಸಿ ಮಾಡಿಸಿಕೊಂಡವರು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆಯಲ್ಲಿರುತ್ತಾರೆ. ಆ ಶಕ್ತಿಯನ್ನು ಕೆರಳಿಸುವ ಅಣಬೆ ಸಾರ ಅವರಿಗೆ ಅಪಾಯ. ಲೂಪಸ್, ರುಮಟಾಯ್ಡ್ ಸಂಧಿವಾತದಂಥ, ರೋಗನಿರೋಧಕ ಶಕ್ತಿ ಸ್ವಂತ ದೇಹದ ಮೇಲೆಯೇ ತಿರುಗಿಬೀಳುವ ಸ್ವಯಂನಿರೋಧಕ ಕಾಯಿಲೆ ಇರುವವರಿಗೂ ಅಷ್ಟೇ. ಗರ್ಭಿಣಿಯರು, ಬಾಣಂತಿಯರು, ಮಕ್ಕಳಿಗೆ ಸಾರ, ಕ್ಯಾಪ್ಸೂಲ್ ಬೇಡ. ಬೇಯಿಸಿದ ಅಡುಗೆ ಅಣಬೆಗೆ ಅಡ್ಡಿಯಿಲ್ಲ. ಕಿಮೋಥೆರಪಿಯಲ್ಲಿ ಇರುವವರು ಅಣಬೆ ತೆಗೆದುಕೊಳ್ಳುತ್ತಿರುವುದನ್ನು ಬೈಯುತ್ತಾರೆಂದು ಹೆದರಿ ವೈದ್ಯರಿಂದ ಮುಚ್ಚಿಡಬೇಡಿ. ರಕ್ತ ಪರೀಕ್ಷೆಯಲ್ಲಿ ಏರುಪೇರಾದಾಗ ಕಾರಣ ಹುಡುಕಲು ಅವರಿಗೆ ಆ ಮಾಹಿತಿ ಬೇಕೇ ಬೇಕು.

ಸೈಬೀರಿಯಾದ ಬರ್ಚ್ ಮರದ ಚಾಗಾ ಎಂಬ ಅಣಬೆಯನ್ನೂ ಈಗ ಆನ್‌ಲೈನ್‌ನಲ್ಲಿ ಟೀ ಪುಡಿಯಾಗಿ ಮಾರುತ್ತಾರೆ. ಅದರಲ್ಲಿ ಆಕ್ಸಲೇಟ್ ಬಹಳ. ತಿಂಗಳುಗಟ್ಟಲೆ ದಿನವೂ ಸೇವಿಸಿ ಮೂತ್ರಪಿಂಡ ಕೆಟ್ಟ ಪ್ರಕರಣ ಜಪಾನಿನಿಂದ ವರದಿಯಾಗಿದೆ. ಕಿಡ್ನಿ ಕಲ್ಲು ಆಗಿದ್ದವರು ಅದರ ಹತ್ತಿರ ಸುಳಿಯಬಾರದು.

ತೋಟದ ಮತ್ತು ಕಾಡಿನ ಅಣಬೆ

ಅಡಿಕೆ ಬೆಳೆಗಾರರಿಗೆ ರೇಷಿಯ ಚಿತ್ರ ತೋರಿಸಿದರೆ ಕೂಡಲೇ ಗುರುತಿಸುತ್ತಾರೆ. ಅಡಿಕೆ, ತೆಂಗಿನ ಬುಡದಲ್ಲಿ ಮೂಡಿ ಮರವನ್ನೇ ಕೊಲ್ಲುವ ಅಣಬೆ ರೋಗದ ಕಾರಣ ರೇಷಿಯೂ ಸೇರಿರುವ ಗ್ಯಾನೊಡರ್ಮಾ ಕುಲದ ಶಿಲೀಂಧ್ರ. ಮೇಲ್ಮೈಯಲ್ಲಿ ವಾರ್ನಿಷ್ ಹಚ್ಚಿದಂಥ ಕೆಂಪು ಕಂದು ಹೊಳಪು, ಅಂಚಿನಲ್ಲಿ ಬಿಳಿ ಪಟ್ಟಿ. ಹಾಗೆಂದು ಅದನ್ನು ಕಿತ್ತು ಕಷಾಯ ಮಾಡಬೇಡಿ. ಈ ಕುಲದಲ್ಲಿ ಹಲವಾರು ಜಾತಿಗಳಿವೆ, ಕಣ್ಣಂದಾಜಿನಲ್ಲಿ ಬೇರ್ಪಡಿಸಲಾಗದು. ಮೇಲಾಗಿ ರೋಗ ಬಂದ ಮರಕ್ಕೆ ಬೇರಿನ ಮೂಲಕ ಶಿಲೀಂಧ್ರನಾಶಕ ಕೊಟ್ಟಿರುತ್ತಾರೆ, ಬುಡಕ್ಕೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೊ ದ್ರಾವಣ ಸುರಿದಿರುತ್ತಾರೆ.

ಮುಂಗಾರಿನಲ್ಲಿ ಮಲೆನಾಡು, ಕೊಡಗಿನಲ್ಲಿ ಹುತ್ತದ ಅಣಬೆಗೆ ಕಾಯುವವರು ಬಹಳ. ಕೊಡವರ ಮನೆಯಲ್ಲಿ ಕುಮ್ಮು (ಅಣಬೆ) ಕರಿಯಿಲ್ಲದೆ ಮಳೆಗಾಲ ಕಳೆಯದು. ತಲೆಮಾರಿನಿಂದ ಅದೇ ಜಾಗದಲ್ಲಿ, ಅದೇ ಅಣಬೆಯನ್ನು ಕೀಳುತ್ತ ಬಂದ ಹಿರಿಯರು ಗುರುತಿಸಿದರೆ ಮಾತ್ರ ತಿನ್ನಿ. ಮೊಬೈಲಿನ ಆ್ಯಪ್ ನಂಬಿ, ಫೋಟೋ ಹೋಲಿಸಿ ತಿನ್ನುವುದು ಬೇಡ. ಅರಿಶಿನ ಹಾಕಿ ಬೇಯಿಸಿದರೆ ವಿಷದ ಅಣಬೆ ಬಣ್ಣ ಬದಲಿಸುತ್ತದೆ, ಬೆಳ್ಳಿ ಚಮಚ ಕಪ್ಪಾಗುತ್ತದೆ, ಹುಳು ತಿಂದಿದ್ದರೆ ನಾವೂ ತಿನ್ನಬಹುದು, ಈ ಮೂರೂ ಸುಳ್ಳು. ಅಮಾನಿಟಾ ಕುಲದ ಕೆಲವು ನಾಯಿಕೊಡೆಗಳ ವಿಷ ಕುದಿಸಿದರೂ ಒಣಗಿಸಿದರೂ ಹೋಗುವುದಿಲ್ಲ.

ಆ ವಿಷದ ಲಕ್ಷಣ ಶುರುವಾಗುವುದೇ ತಿಂದ 6ರಿಂದ 24 ತಾಸಿನ ನಂತರ: ವಾಂತಿ, ನೀರಿನಂಥ ಭೇದಿ. ಒಂದು ದಿನದ ಮೇಲೆ ಎಲ್ಲ ಸರಿಹೋದಂತೆ ಕಾಣುತ್ತದೆ, ಒಳಗೆ ಯಕೃತ್ತು ಕೆಡುತ್ತಿರುತ್ತದೆ. ಹಾಗಾಗಿ ಕಾಡಿನ ಅಣಬೆ ತಿಂದ ಮನೆಯಲ್ಲಿ ಒಬ್ಬರಿಗೆ ವಾಂತಿ ಶುರುವಾದರೂ ಜೊತೆಗೆ ಉಂಡ ಎಲ್ಲರೂ ಆಸ್ಪತ್ರೆಗೆ ಹೋಗಬೇಕು, ಲಕ್ಷಣ ಇಲ್ಲದವರೂ. ತಿಂದ ಹೊತ್ತು ಬರೆದಿಟ್ಟುಕೊಳ್ಳಿ. ಅಡುಗೆಯಲ್ಲಿ ಉಳಿದದ್ದು, ಹೆಚ್ಚುವಾಗ ಬಿಸಾಡಿದ ಕಾಂಡ, ಬುಡ ಯಾವುದಿದ್ದರೂ ಕಾಗದದಲ್ಲಿ ಸುತ್ತಿ ವೈದ್ಯರಿಗೆ ಕೊಡಿ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದರೆ ಕೆಲವೇ ತಾಸಿನಲ್ಲಿ ಕೊಳೆತು ಗುರುತಿಸಲಾಗದಂತಾಗುತ್ತದೆ.